ಅಡಿಗೆಮನೆಯ ಕಂಬಕ್ಕೆ ಯಾವ ಬಣ್ಣ?

ಮನೆ ಕಟ್ಟುವವರ ಚಿಂತೆಗಳಿಗೆ ಈಚೆಗೆ ಹೊಸದೊಂದು ಸೇರಿಕೊಂಡಿದೆ. ಶಿವಮೊಗ್ಗದ ಹಳೆಯ ಬೀದಿಗಳಲ್ಲಿಯೂ ಭದ್ರಾವತಿಯ ಬಡಾವಣೆಗಳಲ್ಲಿಯೂ ನಡುಮನೆಗೂ ಅಡಿಗೆಮನೆಗೂ ನಡುವೆ ಗೋಡೆ ಬೇಡವೆನ್ನುವವರಿದ್ದಾರೆ. ಗೋಡೆಯನ್ನು ತೆಗೆಯಬಹುದು, ಅದರ ಮೇಲಿನ ಭಾರವನ್ನು ತೆಗೆಯಲಾಗದು. ಜಂಬಿಟ್ಟಿಗೆಯ ಹಳೆಯ ಮನೆಗಳಲ್ಲಿ ಗೋಡೆಯೇ ಮಾಡನ್ನು ಹೊತ್ತಿರುವುದುಂಟು. ಬಲ್ಲ ಇಂಜಿನಿಯರನ್ನು ಕೇಳದೆ ಅದಕ್ಕೆ ಹಾರೆ ಹಾಕುವುದು ಅಪಾಯ. ಅಂತೂ ಗೋಡೆ ಹೋದೆಡೆಯಲ್ಲಿ ಒಂದೆರಡು ಕಂಬ, ಅವುಗಳ ಮೇಲೊಂದು ತೊಲೆ ಉಳಿಯಲೇಬೇಕು. ಉಳಿದದ್ದು ಎಲ್ಲರ ಕಣ್ಣಿಗೂ ಬೀಳುತ್ತದೆ. ಆಗ ಪ್ರಶ್ನೆ ಏಳುತ್ತದೆ: ಇವಕ್ಕೆ ಎಣ್ಣೆ ಬಳಿಯುವುದೆ, ಬಣ್ಣ ಹಚ್ಚುವುದೆ, ಹಲಗೆಯ ಪೆಟ್ಟಿಗೆಯೊಳಗೆ ಅಡಗಿಸುವುದೆ?

ಇಷ್ಟು ಸಣ್ಣ ಸಂಗತಿಗೆ ಸಾಹಿತ್ಯದ ಪುಟವೇಕೆಂದು ಕೆಲವರು ಕೇಳಬಹುದು. ಹೊರುವ ವಸ್ತುವನ್ನು ನಾವು ಹೇಗೆ ಕಾಣುತ್ತೇವೆ ಎಂಬ ದೊಡ್ಡ ಪ್ರಶ್ನೆ ಈ ಸಣ್ಣದರೊಳಗೆ ಇದೆಯೆಂದು ನನ್ನ ನಂಬಿಕೆ.

ಅಡಿಗೆಮನೆಗೆ ಗೋಡೆ ಏಕಿತ್ತೆಂಬುದನ್ನು ಮೊದಲು ನೆನೆಯಬೇಕು. ಒಂದು ಕಾರಣ ಹೊಗೆ. ಇನ್ನೊಂದು, ಅನೇಕ ಮನೆಗಳಲ್ಲಿ, ಮಡಿ. ಮಲೆನಾಡಿನ ತೊಟ್ಟಿಯ ಮನೆಗಳಲ್ಲಿ ಜಗಲಿಯ ಕಂಬಕ್ಕೆ ಕೆತ್ತನೆಯ ಬೋದಿಗೆ, ನಯವಾದ ಒಪ್ಪ. ಒಳಗಿನ ಒಲೆಯ ಮೇಲಣ ತೊಲೆಗೆ ಮಸಿ. ಬಂದವರಿಗೆ ಜಗಲಿಯ ಕಂಬ ಕಾಣುತ್ತಿತ್ತು. ಒಳಗಿನ ತೊಲೆಯೂ ಕಾಣುತ್ತಿರಲಿಲ್ಲ, ಅದರ ಕೆಳಗೆ ಬೆವರೊರೆಸಿಕೊಳ್ಳುತ್ತಿದ್ದ ಹೆಂಗಸೂ ಕಾಣುತ್ತಿರಲಿಲ್ಲ. ಗ್ಯಾಸಿನ ಒಲೆ ಬಂದು ಹೊಗೆ ಹೋಯಿತು; ಮಡಿಯ ಬಿಗಿಯೂ ಬಹಳಷ್ಟು ಕಡೆ ಸಡಿಲಿತು. ಗೋಡೆ ಬೀಳುವುದಕ್ಕೆ ಇದೇ ಸಮಯ. ಅದು ಬೀಳುವುದರಲ್ಲಿ ಒಂದು ನ್ಯಾಯವೂ ಇದೆ.

ಆದರೆ ಹೊಗೆಯೊಡನೆ ಒಂದು ಉಪಕಾರವೂ ಹೋಯಿತೆಂಬುದನ್ನು ಮರೆಯಬಾರದು. ದಿನವೂ ಹೊಗೆಯಾಡುತ್ತಿದ್ದ ಮರ ಒಣಗಿರುತ್ತಿತ್ತು. ಹುಳು ಅದನ್ನು ಮುಟ್ಟುವುದು ಕಡಿಮೆ. ಒಲೆ ಬದಲಾದ ಮೇಲೆ ಆ ಹಳೆಯ ತೊಲೆಗೆ ಕಾವಲಿಲ್ಲ. ಆದ್ದರಿಂದ ಮರಕ್ಕೆ ಲೇಪನ ಬರಿಯ ಅಲಂಕಾರವಲ್ಲ. ಕಳೆದುಹೋದ ಕಾವಲನ್ನು ಬೇರೊಂದು ರೀತಿಯಲ್ಲಿ ಮತ್ತೆ ಒದಗಿಸುವುದು. ಮೊದಲು ಮಸಿಯನ್ನೂ ಜಿಡ್ಡನ್ನೂ ಸಾಬೂನಿನ ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ ತೆಗೆಯಬೇಕು; ಮರ ಪೂರ್ತಿಯಾಗಿ ಒಣಗಬೇಕು; ಹುಳು ಕೊರೆದ ತೂತುಗಳಿವೆಯೆ ಎಂದು ನೋಡಬೇಕು. ಲೇಪನದ ಮಾತು ಆಮೇಲೆ.

ಯಾವ ಲೇಪನ? ಅರಗನ್ನು ಮದ್ಯಸಾರದಲ್ಲಿ ಕರಗಿಸಿ ಹಚ್ಚುವ ಫ್ರೆಂಚ್ ಪಾಲಿಶ್ ಜಗಲಿಗೆ ಚೆನ್ನ. ನೀರೂ ಬಿಸಿಯೂ ತಗುಲಿದಲ್ಲಿ ಅದು ಬೆಳ್ಳಗಾಗುವುದರಿಂದ ಒಲೆಯ ಬಳಿಗೆ ಸಲ್ಲದು. ಗೇರುಬೀಜದ ಸಿಪ್ಪೆಯ ಎಣ್ಣೆ ಅಟ್ಟದ ಜಂತೆಗಳನ್ನು ಕಾಯಬಲ್ಲದು. ಆದರೆ ಮೈಗೆ ತಾಗಿದರೆ ಬೊಬ್ಬೆ ಏಳಿಸುವ ಅದನ್ನು ಮಕ್ಕಳ ಕೈಗೆಟುಕುವ ಕಂಬಕ್ಕೆ ಬಳಿಯಲಾಗದು. ಪಾಲಿಯುರೆಥೇನ್ ವಾರ್ನಿಶ್ ಜಿಡ್ಡನ್ನು ತಡೆಯುತ್ತದೆ, ಒರೆಸುವುದು ಸುಲಭ. ಒಮ್ಮೆ ಎದ್ದು ಬಂದರೆ ಮಾತ್ರ ಉಜ್ಜುಕಾಗದ ಹಿಡಿದು ಮೊದಲಿನಿಂದ ಆರಂಭಿಸಬೇಕು. ಅಗಸೆಯೆಣ್ಣೆ ನಿಧಾನವಾಗಿ ಒಣಗುತ್ತದೆ. ಆದರೆ ಮರದೊಳಕ್ಕೆ ಇಳಿಯುತ್ತದೆ, ಮಂಕಾದಾಗ ಅದರ ಮೇಲೆಯೇ ಮತ್ತೊಂದು ಕೈ ಹಚ್ಚಬಹುದು. ಆ ಎಣ್ಣೆಯಲ್ಲಿ ನೆನೆದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆದರೆ ತಾನಾಗಿಯೇ ಕಾದು ಹೊತ್ತಿಕೊಳ್ಳುವ ಭಯವುಂಟು. ಹರಡಿ ಒಣಗಿಸಬೇಕು, ಇಲ್ಲವೆ ನೀರಿನಲ್ಲಿ ಮುಳುಗಿಸಿಡಬೇಕು. ಒಲೆಯಿಂದ ದೂರದ ಕಂಬಕ್ಕೆ ಎಣ್ಣೆ, ಹತ್ತಿರದ್ದಕ್ಕೆ ಮಂದ ಹೊಳಪಿನ ವಾರ್ನಿಶ್: ಇದು ನನಗೆ ಸರಿತೋರುವ ಹಂಚಿಕೆ.

ಮರದ ಕಂಬ ತಾನು ಮರವೆಂದು ಹೇಳಿಕೊಳ್ಳಲು ನಾಚಬೇಕಾದುದಿಲ್ಲವೆಂಬುದಕ್ಕೆ ಶಿವಮೊಗ್ಗದಲ್ಲಿಯೇ ಸಾಕ್ಷಿ ಇದೆ. ಶಿವಪ್ಪನಾಯಕನ ಅರಮನೆಯೆಂದು ಹೆಸರಾಗಿ, ಈಗ ಸರ್ಕಾರದ ವಸ್ತುಸಂಗ್ರಹಾಲಯವಾಗಿರುವ ಕಟ್ಟಡದ ದರ್ಬಾರಿನ ಅಂಗಳಕ್ಕೆ ಗಾಂಭೀರ್ಯವನ್ನು ತಂದಿರುವುದು ಅಲ್ಲಿಯ ದಪ್ಪ ಮರದ ಕಂಬಗಳೇ. ಭದ್ರಾವತಿಯ ಲಕ್ಷ್ಮೀನರಸಿಂಹ ದೇವಾಲಯ 13ನೆಯ ಶತಮಾನದ ಹೊಯ್ಸಳರ ಕಟ್ಟಡ. ಅಲ್ಲಿ ತಿರುಗಣೆಗೆ ಹಿಡಿದಂತೆ ದುಂಡಾಗಿ ಕಡೆದ ಕಲ್ಲುಕಂಬಗಳಿವೆ. ಅವುಗಳ ನುಣುಪು ಹೊರಗಿನಿಂದ ಅಂಟಿಸಿದ ತೊಗಲಲ್ಲ. ಕಲ್ಲಿನ ಒಡಲಿನಿಂದಲೇ ಕೈಗೆಲಸ ತೆಗೆದ ಹೊಳಪು. ಒಪ್ಪವಿಡುವುದಕ್ಕೂ ಮುಚ್ಚಿಡುವುದಕ್ಕೂ ಇರುವ ಅಂತರವನ್ನು ಈ ಎರಡು ಕಟ್ಟಡಗಳು ಕಣ್ಣಿಗೆ ಕಾಣುವಂತೆ ಹೇಳುತ್ತವೆ.

ಉಕ್ಕಿನ ಕಂಬದ ಮಾತೂ ಹೀಗೆಯೇ. ಅದನ್ನು ಒರಟೆಂದು ಹಳಿದು ಮರದ ಹಾಳೆ ಸುತ್ತಿಸುವವರು ಭದ್ರಾವತಿಯ ಚರಿತ್ರೆಯನ್ನು ಸ್ವಲ್ಪ ನೆನೆಯಲಿ. 1923ರಲ್ಲಿ ಅಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ ಕೆಲಸ ಮಾಡತೊಡಗಿದಾಗ ಕೆಮ್ಮಣ್ಣುಗುಂಡಿಯ ಅದಿರನ್ನು ಕರಗಿಸಿದ್ದು ನಮ್ಮ ಕಾಡಿನ ಮರದ ಇದ್ದಿಲು. ಈ ಸೀಮೆಯಲ್ಲಿ ಮರಕ್ಕೂ ಕಬ್ಬಿಣಕ್ಕೂ ನಂಟಿದೆ; ಒಂದು ಇನ್ನೊಂದರ ವೇಷ ಹಾಕಬೇಕಾದ ದರ್ದೇನೂ ಇಲ್ಲ. 2023ರ ಜನವರಿಯಲ್ಲಿ ಆ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ ಹೊರಬಿದ್ದಾಗ ಕಾರ್ಮಿಕರು ಬೀದಿಗಿಳಿದರು. ಕಬ್ಬಿಣದಿಂದ ಬದುಕಿದ ಊರಿನಲ್ಲಿ ಕಬ್ಬಿಣವನ್ನು ಕಾಣದಂತೆ ಮಾಡುವುದು ವಿಚಿತ್ರವಾದ ಸಂಕೋಚವಲ್ಲವೆ? ತುಕ್ಕನ್ನು ಕೆರೆದು, ರೆಡ್ ಆಕ್ಸೈಡ್ ಹಚ್ಚಿ, ಮೇಲೆ ಎರಡು ಕೈ ಎನಾಮಲ್ ಕೊಟ್ಟರೆ ಅದು ಮನೆಯ ಮಾತಿಗೆ ಬರುತ್ತದೆ. ಉಕ್ಕು ಸುಡದಿದ್ದರೂ ಸುಮಾರು 550 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಅದರ ಬಲ ಅರ್ಧದಷ್ಟು ಕುಗ್ಗುತ್ತದೆ. ಬೆಂಕಿಯ ನೆರೆಯಲ್ಲಿ ಅದಕ್ಕೆ ಸುಲಭವಾಗಿ ಹೊತ್ತುವ ಹೊದಿಕೆ ಸುತ್ತುವುದು ವಿವೇಕವಲ್ಲ.

ಕಾಂಕ್ರೀಟಿನ ಕಂಬದಲ್ಲಿ ಆಸೆ ಇನ್ನೂ ಹೆಚ್ಚು. ಸುತ್ತಲೂ ಪ್ಲೈವುಡ್ ಹೊಡೆದು, ತೇಗದ ಗೆರೆಗಳನ್ನು ಅಚ್ಚೊತ್ತಿದ ಲ್ಯಾಮಿನೇಟು ಅಂಟಿಸಿದರೆ ಆಯಿತು, ಮಲೆನಾಡಿನ ಹಳೆಯ ಮನೆ! ಇಲ್ಲಿ ನನ್ನ ಆಕ್ಷೇಪ ಎರಡು ಬಗೆಯದು. ಮಳೆ ಹೆಚ್ಚಿರುವ ನಾಡಿನಲ್ಲಿ ಗೆದ್ದಲಿಗೆ ಬೇಕಾದದ್ದು ತೇವ, ಕತ್ತಲೆ, ತಿನ್ನಲು ಮರ. ಪೆಟ್ಟಿಗೆ ಈ ಮೂರನ್ನೂ ಒದಗಿಸುತ್ತದೆ. ಕಂಬದಲ್ಲಿ ಬಿರುಕು ಬಿಟ್ಟರೂ ಒಳಗಣ ಸರಳು ತುಕ್ಕು ಹಿಡಿದು ಉಬ್ಬಿದರೂ ಮನೆಯವರಿಗೆ ತಿಳಿಯುವುದು ಕೊನೆಗೆ. ಅದಲ್ಲದೆ ಕಂಬದ ಸರಳಿಗೆ ಹೊರಗಿನಿಂದ 40 ಮಿಲಿಮೀಟರಿನಷ್ಟು ಕಾಂಕ್ರೀಟಿನ ಹೊದಿಕೆ ಇರಬೇಕೆಂಬುದು ನಮ್ಮ ದೇಶದ ಮಾನಕದ ನಿಯಮ. ಹಲಗೆ ಕೂರಿಸಲೆಂದು ಅದನ್ನು ಕಂಡಕಂಡಲ್ಲಿ ಕೊರೆಯುವುದು ಕಂಬದ ಕವಚವನ್ನೇ ಸೀಳಿದಂತೆ. ಎರಡನೆಯ ಆಕ್ಷೇಪ ಅಭಿರುಚಿಯದು. ಇಲ್ಲದ ಮರವನ್ನು ಇದ್ದಂತೆ ತೋರಿಸಿ ಯಾರನ್ನು ಒಪ್ಪಿಸಬೇಕಾಗಿದೆ? ನಯವಾದ ಗಿಲಾವು, ತೊಳೆಯಬಹುದಾದ ತಿಳಿ ಬಣ್ಣ, ಒಲೆಯ ಪಕ್ಕದಲ್ಲಿ ಒಗ್ಗರಣೆ ಸಿಡಿಯುವಷ್ಟು ಎತ್ತರಕ್ಕೆ ಟೈಲು: ಇಷ್ಟು ಸಾಕು.

ಮನೆ ಸತ್ಯಪರೀಕ್ಷೆಯ ಶಾಲೆಯಲ್ಲ, ಕಣ್ಣಿಗೆ ಹಿತವಾಗಿದ್ದರಾಯಿತು ಎಂದು ವಾದಿಸುವವರಿದ್ದಾರೆ. ಒಪ್ಪುತ್ತೇನೆ, ಆದರೆ ಯಾರ ಕಣ್ಣಿಗೆ? ನಡುಮನೆಯಲ್ಲಿ ಕುಳಿತ ಅತಿಥಿ ಆ ಕಂಬವನ್ನು ಒಂದು ಗಳಿಗೆ ನೋಡುತ್ತಾನೆ. ಅಡಿಗೆ ಮಾಡುವವರು ಅದರೊಡನೆ ಇಡೀ ದಿನ ಬಾಳುತ್ತಾರೆ. ಅದಕ್ಕೆ ಒರಗುತ್ತಾರೆ, ಒದ್ದೆ ಕೈಯಲ್ಲಿ ಅದನ್ನು ಮುಟ್ಟುತ್ತಾರೆ, ತೊಲೆಯ ಮೇಲೆ ಕೂತ ಜಿಡ್ಡುಧೂಳನ್ನು ಏಣಿಯಿಟ್ಟು ಒರೆಸುತ್ತಾರೆ. ಕೆತ್ತನೆಯ ಸಂದುಗಳನ್ನು ಗಂಡಸರು ಬಡಗಿಯೊಡನೆ ಉತ್ಸಾಹದಿಂದ ಆರಿಸಿ, ಆ ಸಂದಿನ ಎಣ್ಣೆಮಸಿಯನ್ನು ಹೆಂಗಸರು ಹಳೆಯ ಬ್ರಷ್ಷಿನಿಂದ ತಿಕ್ಕುವ ಏರ್ಪಾಡಿಗೆ ತೆರೆದ ಅಡಿಗೆಮನೆ ಎಂಬ ಹೆಸರು ಒಪ್ಪುವುದಿಲ್ಲ. ಅಲ್ಲಿ ಗೋಡೆ ಬಿದ್ದಿದೆ. ಗೋಡೆಯ ಬುದ್ಧಿ ನಿಂತಿದೆ.

ಹಾಗಾಗಿ ಬಣ್ಣದ ಮಾದರಿಗಳನ್ನು ಮೇಸ್ತ್ರಿ ತಂದು ಹರಡಿದಾಗ ಮೊದಲ ಮಾತೂ ಕಡೆಯ ಮಾತೂ ಒರೆಸುವ ಕೈಯದಾಗಿರಬೇಕು. ಆ ಕೈ ಮುಂದೆ ಗಂಡಸಿನದೂ ಆಗಲಿ. ಆಗ ತೀರ್ಪು ಇನ್ನಷ್ಟು ಬೇಗ ಸರಿಯಾದೀತು. ಹೊರುವುದನ್ನು ಕಾಪಾಡುವ ಲೇಪನ ಯಾವುದಾದರೂ ಒಳ್ಳೆಯದೇ. ಹೊರುತ್ತಿದೆ ಎಂಬುದನ್ನೇ ಮರೆಸುವ ಹೊದಿಕೆ ಎಷ್ಟು ಬೆಲೆಯದಾದರೂ ಬೇಡ. ಈ ಮಾತು ಕಂಬಕ್ಕೆ ಸಲ್ಲುವಷ್ಟೇ ಅದರ ಪಕ್ಕದಲ್ಲಿ ನಿಂತು ದುಡಿಯುವವರಿಗೂ ಸಲ್ಲುತ್ತದೆ.