ಶಿಶುವಿನ ಆಟವನ್ನು ಅಪಹರಿಸಬೇಡಿರಿ
ತಾಯ್ತಂದೆಯರಲ್ಲಿಯೂ ಶಿಕ್ಷಕ ಬಂಧುಗಳಲ್ಲಿಯೂ ಒಂದು ಬಿನ್ನಹ

ಮಹಾಜನರೇ,

ಜೂನ್ ತಿಂಗಳು ಸಮೀಪಿಸುತ್ತಿದೆ. ಮೂರು ವರ್ಷ ತುಂಬಿತೋ ಇಲ್ಲವೋ ಎಂಬಂತಿರುವ ಕೂಸಿಗೆ ಸಮವಸ್ತ್ರ ತೊಡಿಸಿ, ಗೆರೆ ಹಾಕಿದ ಪುಸ್ತಕದ ಮುಂದೆ ಕುಳ್ಳಿರಿಸಿ, ಕೈಗೆ ಪೆನ್ಸಿಲನ್ನಿತ್ತು 'ಬರೆ' ಎಂದು ಆಜ್ಞಾಪಿಸುವ ಕ್ರೌರ್ಯವು ಈ ವರ್ಷವೂ ನಮ್ಮ ಊರೂರಿನ ನರ್ಸರಿಗಳಲ್ಲಿ ವಿದ್ಯೆಯ ಹೆಸರಿನಲ್ಲಿಯೇ ನಡೆಯಲಿರುವುದು. ಹಗಲು ಸಾಲದೆಂದು ಸಂಜೆಗೂ ಹೋಂವರ್ಕು!

ಆ ಕೈಯನ್ನೊಮ್ಮೆ ಹಿಡಿದು ನೋಡಿರಿ. ಮುಂದೆ ಮಣಿಕಟ್ಟಿನ ಎಂಟು ಎಲುಬುಗಳಾಗಬೇಕಾದುವುಗಳಲ್ಲಿ ಬಹುಪಾಲು ಆ ವಯಸ್ಸಿನಲ್ಲಿ ಇನ್ನೂ ಮೃದ್ವಸ್ಥಿಯಾಗಿಯೇ ಇರುವುವು. ನಿಸರ್ಗವೇ ಗಟ್ಟಿಗೊಳಿಸದಿರುವ ಕೈಯಿಂದ ಪುಟಗಟ್ಟಲೆ ಅಕ್ಷರ ತೀಡಿಸುವವರು ಯಾವ ಶಾಸ್ತ್ರವನ್ನು ಓದಿದವರು? ಅದೇ ಕೈಗೆ ಒಂದು ಹಿಡಿ ಹುಣಸೆಬೀಜವನ್ನು ಕೊಡಿರಿ: ಅಳಗುಳಿಮಣೆಯ ಗುಳಿಗೊಂದರಂತೆ ಹಾಕುತ್ತ ಕೂಸು ಎಣಿಕೆಯನ್ನೂ, ಬೀಜ ಸಾಲದಾದಾಗ ಹೆಚ್ಚುಕಡಿಮೆಯ ವಿವೇಕವನ್ನೂ, ಜೊತೆಗಾರನ ಸರದಿಗಾಗಿ ಕಾಯುತ್ತ ಸಂಯಮವನ್ನೂ ತಾನೇ ಕಲಿತುಕೊಳ್ಳುವುದು, ಜೇಡಿಮಣ್ಣನ್ನು ನಾದುತ್ತ ಬೆರಳು ಗಳಿಸುವ ಬಲವೇ ಮುಂದೆ ಅಕ್ಷರಕ್ಕೂ ಒದಗುವುದು.

ಇದು ನಿನ್ನೆಯ ಮಾತಲ್ಲ. 1837ರಲ್ಲಿಯೇ ಜರ್ಮನಿಯ ಫ್ರೋಬೆಲನು ಬ್ಲಾಂಕೆನ್‌ಬುರ್ಗಿನಲ್ಲಿ ಆಟವನ್ನೇ ಶಿಶುಶಿಕ್ಷಣದ ಬುನಾದಿಯಾಗಿಸಿದನು. 1920ರಲ್ಲಿ ಗಿಜುಭಾಯಿ ಬಧೇಕಾ ಅವರು ಭಾವನಗರದಲ್ಲಿ ಬಾಲಮಂದಿರವನ್ನು ತೆರೆದು, ಭಯವಿಲ್ಲದ ಕಲಿಕೆಯನ್ನು ನಮ್ಮ ದೇಶದಲ್ಲಿಯೇ ನಡೆಸಿ ತೋರಿದರು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ 3ರಿಂದ 8 ವರ್ಷದವರೆಗಿನ ಶಿಕ್ಷಣವು ಆಟ-ಚಟುವಟಿಕೆಗಳ ಮೂಲಕ ಸಾಗಬೇಕೆಂದು ವಿಧಿಸಿತು. ಇಷ್ಟಾದ ಮೇಲೂ ಶಿಶುವಿನ ಆಟವು ದಿನದಿನವೂ ಅಪಹೃತವಾಗುತ್ತಿದೆ!

'ಈಗಲೇ ಬರೆಯದಿದ್ದರೆ ಮಗು ಹಿಂದೆ ಬೀಳುವುದು' ಎನ್ನುವ ಮಹಾಶಯರಿದ್ದಾರೆ. ಚಪ್ಪಲಿಯ ಎಡಬಲವನ್ನೇ ಅರಿಯದ ಮಗು ಯಾರಿಗಿಂತ ಹಿಂದೆ, ಸ್ವಾಮಿ? 'ತಾಯ್ತಂದೆಯರೇ ಕೇಳುತ್ತಾರೆ' ಎಂಬುದು ಸಂಚಾಲಕರ ವಾದ. ಗಿರಾಕಿ ಕೇಳಿದುದನ್ನೆಲ್ಲ ಕಟ್ಟಿಕೊಡುವುದೇ ನಿಮ್ಮ ಧರ್ಮವಾದರೆ, ಬಾಗಿಲ ಮೇಲಣ ಸರಸ್ವತಿಯ ಪಟವನ್ನು ಇಳಿಸಿ ತಕ್ಕಡಿಯನ್ನು ತೂಗುಹಾಕಿರಿ.

ಹಲಗೆಯ ಮೇಲೆ ಮಾಂಟೆಸೊರಿಯೆಂದು ಬರೆಯಿಸಿ ಒಳಗೆ ಕಾಪಿ ಬರೆಯಿಸುವವರಿಗಿಂತಲೂ, ನಮ್ಮ ಪಕ್ಷದವರೆಂದೇ ಹೇಳಿಕೊಳ್ಳುತ್ತ, ಕಾನ್ವೆಂಟಿನ ಎಲ್‌ಕೆಜಿ ಪಾಠವನ್ನು ಅಂಗನವಾಡಿಗೂ ತಂದರೆ ಸಮಾನತೆ ಸಿದ್ಧಿಸುವುದೆಂದು ಮನವಿ ಬರೆಯುತ್ತಿರುವ ಸುಧಾರಕ ಮಿತ್ರರೇ ನಮ್ಮನ್ನು ಹೆಚ್ಚು ನೋಯಿಸಿದ್ದಾರೆ. 1975ರಲ್ಲಿ ಟಿ. ನರಸೀಪುರದಿಂದ ಮೊದಲ್ಗೊಂಡು ನಾಡಿನಲ್ಲೆಲ್ಲ ಹಬ್ಬಿದ ಅಂಗನವಾಡಿಯಲ್ಲಿ ಬಡವರ ಮಗುವಿಗೆ ಉಳಿದಿರುವ ಸಿರಿಯೆಂದರೆ ಆಟವೊಂದೇ. ಉಳ್ಳವರ ಮಗುವಿನ ಸಂಕಟವನ್ನು ಇಲ್ಲದವರ ಮಗುವಿಗೂ ಹಂಚುವುದು ಯಾವ ಸೀಮೆಯ ಸಮಾನತೆ?

ಆದುದರಿಂದ, ಮಹಾಜನರೇ, ಶುಲ್ಕ ಕಟ್ಟುವ ಮುನ್ನ 'ನಮ್ಮ ಮಗುವಿಗೆ ಆಡಲು ಎಷ್ಟು ಹೊತ್ತು ಕೊಡುವಿರಿ?' ಎಂದು ನಿರ್ಭಯವಾಗಿ ಕೇಳಿರಿ. ಉತ್ತರ ಬಾರದಿದ್ದರೆ ಒಬ್ಬೊಬ್ಬರಾಗಿ ಕೊರಗದೆ ಒಟ್ಟಾಗಿ ದನಿಯೆತ್ತಿರಿ. ಕಳೆದುಹೋದ ಬಾಲ್ಯವನ್ನು ಮರಳಿಸುವ ಶಕ್ತಿ ಯಾವ ಶಾಲೆಗೂ ಯಾವ ಸರ್ಕಾರಕ್ಕೂ ಇಲ್ಲ.

ಓದಿದ ಮೇಲೆ ಈ ಪತ್ರವನ್ನು ನೆರೆಮನೆಗೆ ಕೊಡಿರಿ.

ಇಂತು,
ಶಿಶುಹಿತೈಷಿಗಳು