ಶೇರಿನ ಬೆಲೆ ಗೊತ್ತು, ಮೌಲ್ಯ ಗೊತ್ತೇ?

ಸಭೆ ಸಮಾರಂಭಗಳಲ್ಲಿ ನಾಲ್ಕು ಜನ ಸೇರಿದರೆ ಹಿಂದೆ ಜಾಗದ ಕ್ರಯ, ಗಲ್ಫಿನ ಉದ್ಯೋಗ, ಬ್ಯಾಂಕಿನ ಬಡ್ಡಿ ಇವೇ ಮಾತಿನ ವಿಷಯಗಳಾಗಿದ್ದವು. ಈಗ ಅವುಗಳ ಜತೆಗೆ ಶೇರು ಪೇಟೆಯೂ ಸೇರಿಕೊಂಡಿದೆ. ನಿವೃತ್ತ ಶಿಕ್ಷಕರು, ವಿದೇಶದಿಂದ ಮರಳಿದವರು, ಮೊದಲ ಸಂಬಳ ಕೈಸೇರಿದ ಯುವಕ ಯುವತಿಯರು, ಎಲ್ಲರೂ ಕೇಳುವ ಪ್ರಶ್ನೆ ಒಂದೇ: ‘ಯಾವ ಶೇರು ಕೊಂಡರೆ ಒಳ್ಳೆಯದು?’ ಆ ಶೇರು ನಿಜವಾಗಿ ಎಷ್ಟು ಬಾಳುತ್ತದೆ ಎಂದು ಕೇಳುವವರು ವಿರಳ. ಈ ಎರಡನೆಯ ಪ್ರಶ್ನೆಯನ್ನು ಬಿಟ್ಟು ಮೊದಲನೆಯದಕ್ಕೆ ಉತ್ತರ ಹುಡುಕುವುದು ಅಪಾಯಕರವೆಂದು ನಾವು ಭಾವಿಸುತ್ತೇವೆ.

ಒಂದು ತೆಂಗಿನ ತೋಟ ಮಾರಾಟಕ್ಕಿದೆ ಎನ್ನೋಣ. ಕೊಳ್ಳುವವನು ಮೊದಲು ಏನು ವಿಚಾರಿಸುತ್ತಾನೆ? ವರ್ಷಕ್ಕೆ ಎಷ್ಟು ಕಾಯಿ ಇಳಿಯುತ್ತದೆ, ಬೇಸಗೆಯಲ್ಲಿ ಬಾವಿಯಲ್ಲಿ ನೀರು ಉಳಿಯುತ್ತದೆಯೇ, ಮರಗಳಿಗೆ ಎಷ್ಟು ಪ್ರಾಯ, ಜಾಗದ ಮೇಲೆ ಸಾಲವಿದೆಯೇ, ದಾಖಲೆಗಳು ಸರಿಯಾಗಿವೆಯೇ? ಇಷ್ಟೆಲ್ಲ ತಿಳಿದ ಮೇಲಷ್ಟೇ ಆತ ಕ್ರಯದ ಮಾತೆತ್ತುತ್ತಾನೆ. ಶೇರೆಂದರೂ ಇಂಥದೇ ಒಂದು ತೋಟದ ಸಣ್ಣ ಪಾಲು. ಆದರೆ ತೋಟ ಕೊಳ್ಳುವಾಗ ಹತ್ತು ಸಲ ಹೋಗಿ ನೋಡುವ ಅದೇ ಮನುಷ್ಯ, ಶೇರು ಕೊಳ್ಳುವಾಗ ಸ್ನೇಹಿತನ ಒಂದು ಮಾತನ್ನು ನಂಬಿ ಲಕ್ಷ ರೂಪಾಯಿ ಹಾಕುತ್ತಾನೆ. ಈ ವೈಪರೀತ್ಯವೇ ನಮ್ಮನ್ನು ಚಿಂತೆಗೀಡುಮಾಡಿದೆ.

ಅನುಭವಿ ಹೂಡಿಕೆದಾರರು ಶೇರಿನ ಮೌಲ್ಯವನ್ನು ಅಳೆಯುವ ಕ್ರಮ ನಿಗೂಢವಾದುದೇನೂ ಅಲ್ಲ. ಕಂಪೆನಿಯ ನಿವ್ವಳ ಲಾಭವನ್ನು ಒಟ್ಟು ಶೇರುಗಳ ಸಂಖ್ಯೆಯಿಂದ ಭಾಗಿಸಿದರೆ ಒಂದು ಶೇರಿನ ಗಳಿಕೆ ದೊರೆಯುತ್ತದೆ. ಗಳಿಕೆ 20 ರೂ. ಇದ್ದು ಪೇಟೆಯ ಬೆಲೆ 300 ರೂ. ಇದ್ದರೆ, ಆ ಶೇರು ಗಳಿಕೆಯ ಹದಿನೈದು ಪಟ್ಟು ಬೆಲೆಗೆ ಮಾರಾಟವಾಗುತ್ತಿದೆ ಎಂದರ್ಥ. ಅಂದರೆ ನಾವು ಹಾಕುವ ಪ್ರತಿ ನೂರು ರೂಪಾಯಿಗೆ ಕಂಪೆನಿ ವರ್ಷಕ್ಕೆ 6 ರೂ. 67 ಪೈಸೆಯಷ್ಟು ದುಡಿಯುತ್ತಿದೆ. ಅದೂ ಪೂರ್ತಿಯಾಗಿ ನಮ್ಮ ಕೈಗೆ ಬರುವುದಿಲ್ಲ. ಒಂದು ಭಾಗ ಲಾಭಾಂಶವಾಗಿ ಬರುತ್ತದೆ, ಉಳಿದದ್ದು ಕಂಪೆನಿಯಲ್ಲೇ ಉಳಿಯುತ್ತದೆ. ಹೆಚ್ಚುಕಡಿಮೆ ಇಷ್ಟನ್ನೇ ಬ್ಯಾಂಕಿನ ಠೇವಣಿ ಹೆಚ್ಚಿನ ಆತಂಕವಿಲ್ಲದೆ ಕೊಡುವಾಗ ಶೇರನ್ನೇಕೆ ಕೊಳ್ಳಬೇಕು? ಇಂದಿನ 20 ರೂ. ಗಳಿಕೆ ನಾಳೆ 30 ಆದೀತು, ಮುಂದೆ 40 ಆದೀತು ಎಂಬ ಭರವಸೆ ಇದ್ದರೆ ಮಾತ್ರ. ಗಳಿಕೆ ಹಾಗೆ ಬೆಳೆದರೆ ಹದಿನೈದು ಪಟ್ಟು ಅಗ್ಗ. ಬೆಳೆಯದಿದ್ದರೆ ಅದೇ ದುಬಾರಿ. ಆದುದರಿಂದ ಗಳಿಕೆ ಬೆಳೆಯುವುದೆಂದು ನಂಬಲು ಕಾರಣವೇನು ಎಂಬ ಪ್ರಶ್ನೆಯೇ ಇಡೀ ವಿಚಾರದ ತಿರುಳು. ಇದರೊಂದಿಗೆ, ಸಾಲವನ್ನೆಲ್ಲ ಕಳೆದ ಮೇಲೆ ಉಳಿಯುವ ಸ್ವತ್ತು ಎಷ್ಟು, ಲಾಭ ಕಾಗದದ ಮೇಲಿದೆಯೋ ನಗದಾಗಿ ಬಂದಿದೆಯೋ ಎಂಬುದನ್ನೂ ನೋಡಬೇಕು.

ನಮ್ಮ ದೇಶದಲ್ಲಿ ಒಂದು ಕಾಲಕ್ಕೆ ಈ ಲೆಕ್ಕವನ್ನು ಸರಕಾರವೇ ಮಾಡುತ್ತಿತ್ತು. 1947ರ ಬಂಡವಾಳ ನಿಯಂತ್ರಣ ಕಾಯಿದೆಯ ಪ್ರಕಾರ, ಹೊಸ ಶೇರನ್ನು ಯಾವ ಬೆಲೆಗೆ ನೀಡಬಹುದೆಂಬುದಕ್ಕೆ ಕೇಂದ್ರದ ನಿಯಂತ್ರಣಾಧಿಕಾರಿಯ ಒಪ್ಪಿಗೆ ಬೇಕಿತ್ತು. ಕಂಪೆನಿಯ ಸ್ವತ್ತು ಹಾಗೂ ಹಿಂದಿನ ವರ್ಷಗಳ ಲಾಭವನ್ನು ಆಧರಿಸಿ ಸೂತ್ರಬದ್ಧವಾಗಿ ಬೆಲೆಯನ್ನು ನಿರ್ಧರಿಸಲಾಗುತ್ತಿತ್ತು. 1992ರಲ್ಲಿ ಆ ಕಾಯಿದೆ ರದ್ದಾಯಿತು. ಬೆಲೆ ನಿಗದಿಪಡಿಸುವ ಸ್ವಾತಂತ್ರ್ಯ ಕಂಪೆನಿಗಳ ಪಾಲಾಯಿತು. ಆ ಬೆಲೆ ಸರಿಯೇ ಎಂದು ಪರೀಕ್ಷಿಸುವ ಹೊಣೆ ಕೊಳ್ಳುವವನ ಹೆಗಲೇರಿತು. ಸ್ವಾತಂತ್ರ್ಯವನ್ನು ಬಳಸಿಕೊಂಡವರು ಅನೇಕರು. ಹೊಣೆಯನ್ನು ಅರಿತವರು ಕೆಲವರೇ.

1993ರ ಫೆಬ್ರವರಿಯಲ್ಲಿ ಬೆಂಗಳೂರಿನ ಇನ್ಫೋಸಿಸ್ 10 ರೂ. ಮುಖಬೆಲೆಯ ಶೇರನ್ನು 95 ರೂ.ಗೆ ಸಾರ್ವಜನಿಕರ ಮುಂದಿಟ್ಟಾಗ ನೀಡಿದ ಶೇರುಗಳಷ್ಟಕ್ಕೂ ಅರ್ಜಿಗಳು ಬರಲಿಲ್ಲ. ಆ ಕೊರತೆಯ ವೇಳೆ ಮಾರ್ಗನ್ ಸ್ಟಾನ್ಲಿ ಸಂಸ್ಥೆ ಅದೇ ಬೆಲೆಗೆ ಕಂಪೆನಿಯ ನೂರಕ್ಕೆ 13ರಷ್ಟು ಪಾಲನ್ನು ಕೊಂಡಿತು. ಅದೇ ಜೂನ್‌ನಲ್ಲಿ ಪೇಟೆಯ ವಹಿವಾಟು 145 ರೂ.ಗೆ ಆರಂಭವಾಯಿತು. ಕಂಪೆನಿಯ ಲೆಕ್ಕಪತ್ರ ಎಲ್ಲರಿಗೂ ಲಭ್ಯವಿತ್ತು; ಓದಿ ತೂಗಿದವರು ಕಡಿಮೆ. ಆದರೆ ಆ ದಶಕದಲ್ಲೇ ಸಾರ್ವಜನಿಕರಿಂದ ಹಣ ಸಂಗ್ರಹಿಸಿ ವಿಳಾಸವಿಲ್ಲದಂತೆ ಕಾಣೆಯಾದ ಕಂಪೆನಿಗಳೂ ಅನೇಕ ಎಂಬುದನ್ನು ಮರೆಯಲಾಗದು. ಹೊಸದೆಲ್ಲ ಇನ್ಫೋಸಿಸ್ ಆಗುವುದಿಲ್ಲ.

ಇದಕ್ಕೆ ವಿರುದ್ಧವಾದ ಪಾಠವನ್ನು ಕಲಿಸಿದ್ದು ಎ.ಸಿ.ಸಿ. ಸಿಮೆಂಟ್ ಕಂಪೆನಿಯ ಶೇರು. ದಲ್ಲಾಳಿ ಹರ್ಷದ್ ಮೆಹತಾನ ಖರೀದಿಯ ಭರಾಟೆಯಲ್ಲಿ ಸುಮಾರು 200 ರೂ. ಇದ್ದ ಅದರ ಬೆಲೆ 1992ರ ಹೊತ್ತಿಗೆ 9,000 ರೂ.ಗಳ ಸಮೀಪಕ್ಕೇರಿತು. ಅದಕ್ಕೆ ಆತ ಕೊಟ್ಟ ಸಮರ್ಥನೆ ಕೇಳುವುದಕ್ಕೆ ಸೊಗಸಾಗಿತ್ತು: ಇಂಥ ಕಂಪೆನಿಯನ್ನು ಇಂದು ಹೊಸದಾಗಿ ಕಟ್ಟಲು ಎಷ್ಟು ವೆಚ್ಚವಾದೀತೋ ಅದೇ ಅದರ ನಿಜವಾದ ಮೌಲ್ಯ! ಈ ವಾದದ ದೋಷವನ್ನು ಕರಾವಳಿಯವರಿಗೆ ವಿವರಿಸಬೇಕಾಗಿಲ್ಲ. ಪರದೇಶದಲ್ಲಿ ದುಡಿದ ಹಣದಿಂದ ಹಳ್ಳಿಯಲ್ಲಿ ಕಟ್ಟಿಸಿದ, ಈಗ ಬೀಗ ಜಡಿದಿರುವ ದೊಡ್ಡ ಮನೆಗಳನ್ನು ನಾವೆಲ್ಲ ಬಲ್ಲೆವು. ಕಟ್ಟಿಸಲು ತಗಲಿದ ಖರ್ಚು ಕೊಟ್ಟು ಅವನ್ನು ಕೊಳ್ಳುವವರಿಲ್ಲ, ಆ ಖರ್ಚಿಗೆ ತಕ್ಕ ಬಾಡಿಗೆಯೂ ಬರುವುದಿಲ್ಲ. ಮೌಲ್ಯ ನಿಂತಿರುವುದು ತಗಲಿದ ಖರ್ಚಿನ ಮೇಲಲ್ಲ, ಬರುವ ಆದಾಯದ ಮೇಲೆ. ಮೆಹತಾ ಶೇರು ಕೊಳ್ಳುತ್ತಿದ್ದ ಹಣವನ್ನು ಬ್ಯಾಂಕುಗಳಿಂದ ಅಕ್ರಮವಾಗಿ ಪಡೆದದ್ದು 1992ರ ಏಪ್ರಿಲ್‌ನಲ್ಲಿ ಬಯಲಾದಾಗ ಪೇಟೆ ಕುಸಿಯಿತು. ಕೊನೆಗೆ ಕೊಂಡವರು ಕಣ್ಣೀರಿಟ್ಟರು.

ಲೆಕ್ಕ ಬಲ್ಲವರೂ ಮೋಸಹೋಗಬಹುದು. ಹೈದರಾಬಾದಿನ ಸತ್ಯಂ ಕಂಪೆನಿಯ ಅಂಕಿಗಳು ಅಚ್ಚುಕಟ್ಟಾಗಿದ್ದವು. ಉತ್ತಮ ಆಡಳಿತಕ್ಕಾಗಿ 2008ರಲ್ಲಿ ಅದಕ್ಕೆ ಪ್ರಶಸ್ತಿಯೂ ಸಂದಿತ್ತು. 2009ರ ಜನವರಿ 7ರಂದು ಅದರ ಅಧ್ಯಕ್ಷ ರಾಮಲಿಂಗ ರಾಜು, ಪುಸ್ತಕದಲ್ಲಿ ತೋರಿಸಿದ ನಗದಿನಲ್ಲಿ 5,040 ಕೋಟಿ ರೂ. ಇಲ್ಲವೇ ಇಲ್ಲ ಎಂದು ತಾವೇ ಬರೆದುಕೊಟ್ಟರು. ಹಿಂದಿನ ದಿನ 179 ರೂ. ಇದ್ದ ಶೇರು ಅಂದು ಸಂಜೆಗೆ 40 ರೂ.ಗೆ ಇಳಿಯಿತು. ತೋಟದ ಫಸಲನ್ನು ನೋಡಿದಂತೆ ತೋಟದ ಯಜಮಾನನನ್ನೂ ನೋಡಬೇಕೆಂಬುದೇ ಇದರ ಪಾಠ. ಎಲ್ಲ ಹಣವನ್ನು ಒಂದೇ ಕಂಪೆನಿಯಲ್ಲಿ ಹಾಕಬಾರದೆಂಬುದು ಇನ್ನೊಂದು.

‘ಈ ಲೆಕ್ಕಾಚಾರವೆಲ್ಲ ಏಕೆ? ಪೇಟೆ ಏನು ಕೊಡುತ್ತದೋ ಅದೇ ಬೆಲೆ. ಹತ್ತು ಜನ ಕೊಳ್ಳುವಾಗ ಕೊಂಡು, ಅವರು ಮಾರುವ ಮುನ್ನ ಮಾರಿದರಾಯಿತು’ ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. ಆಂಗ್ಲ ಅರ್ಥಶಾಸ್ತ್ರಜ್ಞ ಕೇನ್ಸ್ 1936ರಲ್ಲೇ ಶೇರು ಪೇಟೆಯನ್ನು ಒಂದು ಬಗೆಯ ಸೌಂದರ್ಯ ಸ್ಪರ್ಧೆಗೆ ಹೋಲಿಸಿದ್ದರು. ಅಲ್ಲಿ ನಮಗೆ ಚೆಲುವಾಗಿ ಕಂಡ ಮುಖವನ್ನು ಆರಿಸಿದರೆ ಬಹುಮಾನವಿಲ್ಲ. ಉಳಿದವರೆಲ್ಲ ಯಾವುದನ್ನು ಆರಿಸುವರೆಂದು ಊಹಿಸಿದವನಿಗೆ ಬಹುಮಾನ. ತಪ್ಪು ಬೆಲೆ ವರ್ಷಗಟ್ಟಲೆ ಉಳಿಯಬಲ್ಲದು ಎಂಬುದೂ ನಿಜ. ಆದರೆ ಈ ಊಹೆಯ ಆಟದಲ್ಲಿ ಗೆಲ್ಲುವವರೆಷ್ಟು? ಶೇರುಗಳ ಏರಿಳಿತದ ಮೇಲೆ ಪಣವೊಡ್ಡುವ ಫ್ಯೂಚರ್ಸ್ ಮತ್ತು ಆಪ್ಶನ್ಸ್ ವ್ಯವಹಾರದ ಕುರಿತು ‘ಸೆಬಿ’ 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ಅದರಲ್ಲಿ ತೊಡಗಿದ ವೈಯಕ್ತಿಕ ವ್ಯವಹಾರಸ್ಥರಲ್ಲಿ ನೂರಕ್ಕೆ 93 ಮಂದಿ ನಷ್ಟ ಅನುಭವಿಸಿದರು. ಅವರ ಒಟ್ಟು ನಷ್ಟ 1.8 ಲಕ್ಷ ಕೋಟಿ ರೂ.ಗಳನ್ನು ಮೀರಿತ್ತು. ಕೈಬೆರಳಿನಲ್ಲೇ ಕೊಳ್ಳುವ ಮಾರುವ ಸೌಲಭ್ಯ ಬಂದಿರುವ ಈ ದಿನಗಳಲ್ಲಿ ಈ ಅಂಕಿಯನ್ನು ನಮ್ಮ ಯುವಜನರು ನೆನಪಿಡಬೇಕು.

ಶೇರು ಕೊಳ್ಳಲೇಬಾರದೆಂದು ನಾವು ಹೇಳುತ್ತಿಲ್ಲ. ಬೆಲೆಯೇರಿಕೆಯ ಕಾಲದಲ್ಲಿ ಎಲ್ಲವನ್ನೂ ಠೇವಣಿಯಲ್ಲೇ ಇಟ್ಟವನ ಹಣವೂ ಒಳಗಿಂದೊಳಗೆ ಕರಗುತ್ತದೆ. ನಾವು ಹೇಳುವುದು ಇಷ್ಟೇ: ಈ ಕಂಪೆನಿ ಏನು ಮಾರಿ ಲಾಭ ಗಳಿಸುತ್ತದೆ, ಆ ಲಾಭ ಬೆಳೆಯಲು ಕಾರಣವೇನು, ಅದರ ಸಾಲವೆಷ್ಟು, ನಡೆಸುವವರು ಯಾರು ಎಂಬ ನಾಲ್ಕು ಪ್ರಶ್ನೆಗಳಿಗೆ ಸ್ವಂತ ಮಾತಿನಲ್ಲಿ ಉತ್ತರಿಸಲಾಗದವರು ಆ ಶೇರನ್ನು ಕೊಳ್ಳದಿರಲಿ. ಗೊತ್ತಿಲ್ಲವೆಂದು ಒಪ್ಪಿಕೊಂಡು ಹಲವು ಕಂಪೆನಿಗಳಲ್ಲಿ ಹಣ ಹಂಚುವ ಮ್ಯೂಚುವಲ್ ಫಂಡಿನ ಮೊರೆಹೋಗುವುದರಲ್ಲಿ ಅವಮಾನವೇನೂ ಇಲ್ಲ.

ನಮ್ಮಲ್ಲಿ ಲೆಕ್ಕಪರಿಶೋಧಕರಿಗಾಗಲಿ, ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದವರಿಗಾಗಲಿ ಕೊರತೆಯಿಲ್ಲ. ನಮ್ಮ ಸಂಘ ಸಂಸ್ಥೆಗಳು ವರ್ಷಕ್ಕೆರಡು ಸಂಜೆಗಳನ್ನು ಮೀಸಲಿಟ್ಟು, ಅವರಿಂದ ಲಾಭನಷ್ಟದ ಪಟ್ಟಿಯನ್ನು ಓದುವ ಕ್ರಮವನ್ನು ಜನರಿಗೆ ಕಲಿಸಲಿ. ಯಾವ ಶೇರು ಕೊಳ್ಳಬೇಕೆಂದು ಅಲ್ಲಿ ಯಾರೂ ಹೇಳುವುದು ಬೇಡ. ಕೊಳ್ಳುವ ಮುನ್ನ ಏನು ಕೇಳಬೇಕೆಂದು ಹೇಳಿದರೆ ಸಾಕು. ಬೆವರು ಸುರಿಸಿ ಕೂಡಿಟ್ಟ ಹಣಕ್ಕೆ ಅಷ್ಟಾದರೂ ಕಾವಲು ಬೇಡವೇ?