ಹೊಸ್ತಿಲ ಬಳಿಯ ಗೋಣಿತಟ್ಟು

ಮುಂಗಾರು ಹಿಡಿದ ಮೇಲೆ ಬಸವಕಲ್ಯಾಣ ತಾಲ್ಲೂಕಿನ ಕೊಹಿನೂರಿನ ಎರೆ ಹೊಲಗಳಲ್ಲಿ ನಡೆದವರಿಗೆ ತಮ್ಮ ಕಾಲಿನ ತೂಕ ಗೊತ್ತು. ಹೆಜ್ಜೆಹೆಜ್ಜೆಗೂ ಅಂಟುವ ಕರಿಮಣ್ಣು ಚಪ್ಪಲಿಯನ್ನೇ ಕಿತ್ತುಕೊಳ್ಳುತ್ತದೆ. ಇಂಥ ಸೀಮೆಯ ಮನೆಗಳಲ್ಲಿ ಬಾಗಿಲ ಬಳಿ ಒಂದು ಬಕೆಟ್ ನೀರು, ಹೊಸ್ತಿಲ ಮುಂದೆ ಗೋಣಿತಟ್ಟು ಇರುವುದು ಸಹಜ. ಕಾಲು ತೊಳೆದು ಒಳಗೆ ಬಾ ಎಂಬ ಮಾತನ್ನು ಕೇಳದೆ ಬೆಳೆದ ಮಗುವಿಲ್ಲ. ಆದರೆ ಅದೇ ಮಗುವಿನ ಬೆನ್ನಿಗೇ ಓಡಿಬರುವ ನಾಯಿಗೆ ಆ ಮಾತನ್ನು ನಾವು ಕೋಲಿನಿಂದ ಹೇಳುತ್ತೇವೆ.

ಇದು ಕ್ರೂರವಷ್ಟೇ ಅಲ್ಲ, ವ್ಯರ್ಥವೂ ಹೌದು. ತಾನು ಮಾಡಿದ್ದನ್ನೂ ಅದರ ಫಲವನ್ನೂ ನಾಯಿ ಜೋಡಿಸಿಕೊಳ್ಳುವುದು ಒಂದೆರಡು ಕ್ಷಣಗಳೊಳಗೆ ಮಾತ್ರ. ಪಡಸಾಲೆಯ ಶಹಾಬಾದ್ ಕಲ್ಲಿನ ಮೇಲೆ ಒಣಗಿದ ಹೆಜ್ಜೆಗುರುತು ತೋರಿಸಿ ಹೊಡೆದರೆ ಅದು ಕಲಿಯುವುದು ಶುಚಿತ್ವವನ್ನಲ್ಲ, ಒಡೆಯನ ಭಯವನ್ನು.

ಕಲಿಸುವ ದಾರಿ ಸರಳವಾಗಿದೆ. ಗೋಣಿತಟ್ಟಿನಡಿ ರೊಟ್ಟಿಯ ಚೂರೊಂದನ್ನು ಬಚ್ಚಿಟ್ಟರೆ ನಾಯಿ ಮುಂಗಾಲಿನಿಂದ ಕೆರೆಯುತ್ತದೆ. ಕೆರೆದ ಮರುಕ್ಷಣವೇ ಮೆಚ್ಚುಗೆಯ ಮಾತು, ಇನ್ನೊಂದು ಚೂರು. ಕೆಲವು ದಿನಗಳ ನಂತರ ‘ಕಾಲು ಒರೆಸು’ ಎಂಬ ಸೂಚನೆಯನ್ನು ಸೇರಿಸಿ, ತಟ್ಟಿನಡಿಯ ಆಮಿಷವನ್ನು ನಿಲ್ಲಿಸಬೇಕು. ಆದರೂ ಹಿಂಗಾಲುಗಳ ಕೆಸರು, ಬೆರಳ ಸಂದಿನ ತೇವ ಉಳಿದೇ ಉಳಿಯುತ್ತದೆ. ಅದನ್ನು ಒರೆಸಬೇಕಾದವರು ನಾವೇ. ಆದ್ದರಿಂದ ಮರಿಯಾಗಿದ್ದಾಗಲೇ ನಾಲ್ಕೂ ಪಾದಗಳನ್ನು ಮುಟ್ಟಿಸಿಕೊಳ್ಳುವ ರೂಢಿ ಮಾಡಿಸುವುದೇ ನಿಜವಾದ ಶಿಕ್ಷಣ.

ನಾಯಿಯ ಜಾಗ ಅಂಗಳ, ಈ ಉಪಚಾರವೇಕೆ ಎಂದು ಹಿರಿಯರು ಕೇಳಬಹುದು. ಅಂಗಳದಲ್ಲೇ ಇರಲಿ, ತಪ್ಪೇನಿಲ್ಲ. ಆದರೆ ಬರಿಗಾಲಿನ ಮಕ್ಕಳು ಆಡುವುದೂ ಅಲ್ಲಿಯೇ. ನಾಯಿಯ ಮಲದಿಂದ ತೇವದ ಮಣ್ಣು ಸೇರುವ ಕೊಕ್ಕೆಹುಳುವಿನ ಮರಿಗಳು ಚರ್ಮದ ಮೂಲಕವೇ ದೇಹವನ್ನು ಹೊಗಬಲ್ಲವು. ಪಾದ ಒರೆಸಿದ ಮಾತ್ರಕ್ಕೆ ಇದು ತಪ್ಪದು. ಜಂತುಹುಳುವಿನ ಔಷಧಿ ಬೇಕು, ರೇಬಿಸ್ ಲಸಿಕೆಯಂತೂ ಬೇಕೇ ಬೇಕು. ಪಾದ ಮುಟ್ಟಿಸಿಕೊಳ್ಳಲು ಕಲಿತ ನಾಯಿ ಪಶುವೈದ್ಯರ ಮುಂದೆಯೂ ನಿಲ್ಲುತ್ತದೆ. ಕೋಲಿಗಷ್ಟೇ ಒಗ್ಗಿದ್ದು ಕೈ ಕಂಡರೆ ಓಡುತ್ತದೆ, ಇಲ್ಲವೇ ಕಚ್ಚುತ್ತದೆ.

ನಾಯಿಗಳಿಂದ ಹರಡುವ ರೇಬಿಸ್ ಅನ್ನು 2030ರೊಳಗೆ ನಿರ್ಮೂಲಗೊಳಿಸುವ ರಾಷ್ಟ್ರೀಯ ಕಾರ್ಯಯೋಜನೆಯನ್ನು ಕೇಂದ್ರ ಸರ್ಕಾರ 2021ರಲ್ಲಿ ಪ್ರಕಟಿಸಿತು. ಲಸಿಕೆ ಹಾಕುವವರ ಕೈಗೆ ನಾಯಿ ಸಿಕ್ಕದಿದ್ದರೆ ಯೋಜನೆ ಕಾಗದದಲ್ಲೇ ಉಳಿದೀತು.

ಮುಧೋಳದ ನಾಯಿಗೆ 2005ರಲ್ಲಿ ಅಂಚೆಚೀಟಿಯ ಗೌರವ ಸಂದಿತು. ಹೊಲ ಕಾಯುವ ನಾಡನಾಯಿಗೆ ಅಂಥ ಗೌರವವೇನೂ ಬೇಕಿಲ್ಲ. ಒಂದು ಗೋಣಿತಟ್ಟು, ಒಂದು ಚೂರು ರೊಟ್ಟಿ, ದಿನಕ್ಕೆ ಐದು ನಿಮಿಷದ ತಾಳ್ಮೆ ಸಾಕು. ಬೆಂಗಳೂರಿನ ಅಪಾರ್ಟ್‌ಮೆಂಟಿಗೂ ಕೊಹಿನೂರಿನ ಅಂಗಳಕ್ಕೂ ಈ ಲೆಕ್ಕ ಒಂದೇ. ಕಾಲೊರೆಸುವ ಪಾಠ ನಾಯಿಗೆ. ತಾಳ್ಮೆಯ ಪಾಠ ನಮಗೆ.